ಸೋಲದವಳ ಹಿಂಬಾಲಕರು

ನಮ್ಮ ಪುರಾಣಗಳಲ್ಲಿ ಕುದುರೆಯ ಮೇಲೆ ಪಣವೊಡ್ಡಿದ ಮೊದಲಿಗರು ಯಾರೆಂದು ಹುಡುಕಿಕೊಂಡು ಹೋದರೆ ದೊರೆಯುವವರು ಇಬ್ಬರು ಗೃಹಿಣಿಯರು. ಕಶ್ಯಪಮಹರ್ಷಿಯ ಪತ್ನಿಯರಾದ ಕದ್ರು ವಿನತೆಯರು, ಸಮುದ್ರಮಥನದಲ್ಲಿ ಮೇಲೆದ್ದು ಬಂದ ಉಚ್ಚೈಃಶ್ರವಸ್ಸಿನ ಬಾಲ ಬಿಳುಪೋ ಕಪ್ಪೋ ಎಂಬ, ಯಾರ ಸಂಸಾರಕ್ಕೂ ಕಿಂಚಿತ್ತೂ ಪ್ರಯೋಜನವಿಲ್ಲದ ಪ್ರಶ್ನೆಯನ್ನು ಹಿಡಿದು ವಾದಕ್ಕಿಳಿದರು; ಸೋತವಳು ಗೆದ್ದವಳಿಗೆ ದಾಸಿಯಾಗತಕ್ಕದ್ದೆಂದು ನಿಶ್ಚಯಿಸಿದರು; ರಾತ್ರೋರಾತ್ರಿ ಕದ್ರು ತನ್ನ ಸರ್ಪಪುತ್ರರನ್ನು ಕರೆದು ಆ ಬಾಲಕ್ಕೆ ಕಪ್ಪು ಕೂದಲಿನಂತೆ ಜೋತುಬೀಳಿರೆಂದು ಆಜ್ಞಾಪಿಸಿದಳು. ಪಾಪ, ವಿನತೆ ಸೋತಳು. ಅವಳನ್ನು ಬಿಡಿಸಿಕೊಳ್ಳಲು ಗರುಡನಂಥ ಮಗ ಅಮೃತವನ್ನೇ ಹೊತ್ತು ತರಬೇಕಾಯಿತು. ಮಕ್ಕಳೆಲ್ಲರೂ ಗರುಡರಾಗಿರುವುದಿಲ್ಲವಾದುದರಿಂದ, ಕುದುರೆಯ ಬಾಲಕ್ಕೆ ಹಣ ಕಟ್ಟಿದ ಎಷ್ಟೋ ಮನೆಗಳು ಆಮೇಲೆ ಮೇಲೇಳಲಿಲ್ಲವೆಂಬುದನ್ನು ಬೆಂಗಳೂರು ಮೈಸೂರುಗಳಲ್ಲಿ ಹುಟ್ಟಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಬಾಲ್ಯದಲ್ಲಿ, ಮೈಸೂರಿನಲ್ಲಿ, ಚಾಮುಂಡಿಬೆಟ್ಟದ ಬುಡದ ರೇಸ್‌ಕೋರ್ಸಿನ ಬೇಲಿಯ ಪಕ್ಕ ನಡೆದುಹೋಗುವಾಗ ನಮ್ಮ ತಂದೆಯವರು ನನ್ನ ಕೈಯನ್ನು ಸ್ವಲ್ಪ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ಬೇಲಿಯ ಒಳಗಿನಿಂದ ಕುದುರೆಯೇ ಕೈಚಾಚಿ ಮಗನನ್ನು ಎಳೆದುಕೊಂಡೀತೆಂಬ ಭಯ ಅವರಿಗೆ.

ಇಂಥ ಸಂಸ್ಕಾರದಲ್ಲಿ ಬೆಳೆದು, ಪಿಂಚಣಿಯ ವಯಸ್ಸಿನವರೆಗೂ ಒಂದು ರೇಸಿನ ಟಿಕೆಟ್ಟನ್ನು ಸಹ ಮುಟ್ಟದೆ ಬಾಳಿದ ನಾನು, ಮಗಳ ಮನೆಯಲ್ಲಿರಲೆಂದು ಆಸ್ಟ್ರೇಲಿಯದ ಮೆಲ್ಬರ್ನ್ ನಗರಕ್ಕೆ ಹೋಗಿ ಅಲ್ಲಿ ಒಂದು ಹೆಣ್ಣುಕುದುರೆಯ ಹಿಂಬಾಲಕನಾದುದು ಹೇಗೆಂಬುದನ್ನು ಹೇಳುವುದಕ್ಕೆ ಮೊದಲು, ಆ ನಗರದ ವಿಷಯವಾಗಿ ಎರಡು ಮಾತು ಹೇಳುವುದು ಅವಶ್ಯ. ನವೆಂಬರ್ ತಿಂಗಳ ಮೊದಲನೆಯ ಮಂಗಳವಾರ ಅಲ್ಲಿ ಸರಕಾರಿ ರಜೆ. ಯಾವ ದೇವರ ಹಬ್ಬ ಎಂದು ನಾನು ಕೇಳಿದೆ. ಕುದುರೆ ಓಟವೆಂದು ಉತ್ತರ ಬಂದಿತು. ಆ ಒಂದು ಓಟಕ್ಕಾಗಿ ಶಾಲೆ, ಕಚೇರಿ, ಬ್ಯಾಂಕು ಎಲ್ಲವೂ ಬಾಗಿಲು ಹಾಕುತ್ತವೆ. ಅಷ್ಟೇ ಅಲ್ಲ, 1930ರಲ್ಲಿ ಅದೇ ಮೆಲ್ಬರ್ನ್ ಕಪ್ಪನ್ನು ಗೆದ್ದು, 1932ರಲ್ಲಿ ದೂರದ ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡ ಫಾರ್ ಲ್ಯಾಪ್ ಎಂಬ ಅಶ್ವೋತ್ತಮನ ಚರ್ಮವನ್ನು ಮೆಲ್ಬರ್ನಿನ ವಸ್ತುಸಂಗ್ರಹಾಲಯದಲ್ಲಿಯೂ, ಆರು ಕಿಲೋಗ್ರಾಮಿಗೂ ಮಿಗಿಲಾಗಿ ತೂಗುವ ಹೃದಯವನ್ನು ಕ್ಯಾನ್‌ಬೆರಾದಲ್ಲಿಯೂ, ಅಸ್ಥಿಪಂಜರವನ್ನು ಅವನು ಹುಟ್ಟಿದ ನ್ಯೂಜಿಲೆಂಡಿನಲ್ಲಿಯೂ ಇರಿಸಿಕೊಂಡಿದ್ದಾರೆ. ಸತಿಯ ದೇಹ ಬಿದ್ದ ಕಡೆಗಳಲ್ಲೆಲ್ಲ ಶಕ್ತಿಪೀಠಗಳಾದ ಕಥೆಯನ್ನು ಕೇಳಿ ಬೆಳೆದ ನನಗೆ ಇದರಲ್ಲಿ ಅಸಹಜವಾದುದೇನೂ ತೋರಲಿಲ್ಲ. ಪೀಠ ಮೂರಾಯಿತು, ಭಕ್ತರು ಲಕ್ಷಾಂತರವಾದರು. ಇನ್ನು ಅವತಾರವೊಂದು ಆಗಬೇಕಾಗಿತ್ತು, ಆಯಿತು.

ಅವಳು ಹುಟ್ಟಿದುದು 2006ರ ಆಗಸ್ಟ್ 18ರಂದು, ಮೆಲ್ಬರ್ನಿನಿಂದ ಉತ್ತರಕ್ಕೆ ಎರಡು ಗಂಟೆಯೊಳಗಿನ ದಾರಿಯಾದ ನಾಗಾಂಬಿ ಎಂಬ ಊರಿನ ಕುದುರೆ ಸಾಕಣೆಯ ಒಂದು ಜಮೀನಿನಲ್ಲಿ. ತಂದೆ ಬೆಲ್ ಎಸ್ಪ್ರಿ, ತಾಯಿ ಹೆಲ್ಸಿಂಗ, ಅಜ್ಜಿ ಸ್ಕ್ಯಾಂಡಿನೇವಿಯ. ನಮ್ಮಲ್ಲಿ ಮದುವೆಯ ಮಾತುಕತೆಗೆ ಬರುವವರು ಗೋತ್ರ, ಸೂತ್ರ, ಸೋದರಮಾವನ ಉದ್ಯೋಗ ಎಂದು ವಿಚಾರಿಸುವುದಕ್ಕಿಂತ ನೂರು ಪಾಲು ಶ್ರದ್ಧೆಯಿಂದ ಕುದುರೆಯ ವಂಶಾವಳಿಯನ್ನು ಅಲ್ಲಿ ವಿಚಾರಿಸುತ್ತಾರೆ. 2008ರ ಹರಾಜಿನಲ್ಲಿ ಪೀಟರ್ ಮೂಡಿ ಎಂಬ, ಕ್ವೀನ್ಸ್‌ಲೆಂಡಿನ ಒಳನಾಡಿನಿಂದ ಬಂದ, ದೊಡ್ಡ ಹೊಟ್ಟೆಯ, ಬಿಚ್ಚುಮಾತಿನ ಟ್ರೈನರು ಅವಳನ್ನು 2 ಲಕ್ಷ 10 ಸಾವಿರ ಡಾಲರಿಗೆ ಹಿಡಿದರು. ಯಜಮಾನರು ಒಬ್ಬರಲ್ಲ, ಸ್ನೇಹಿತರ ಒಂದು ಕೂಟ, ಎಲ್ಲರೂ ಪಾಲು ಹಾಕಿಕೊಂಡು ಕೊಂಡದ್ದು. ಅಂತಸ್ತಿಗೆ ತಕ್ಕಂತೆ ಬ್ಲ್ಯಾಕ್ ಕ್ಯಾವಿಯರ್ ಎಂದು ನಾಮಕರಣವಾಯಿತು. ಇದು ಸಿರಿವಂತರು ತಿನ್ನುವ ಯಾವುದೋ ಮೀನಿನ ಮೊಟ್ಟೆಯೆಂದು ಅಳಿಯಂದಿರು ಬಿಡಿಸಿ ಹೇಳಿದ ದಿನದಿಂದ ನನ್ನಾಕೆ ಆ ಹೆಸರನ್ನು ಬಾಯಲ್ಲಿ ಉಚ್ಚರಿಸದೆ, ಲಾಯದಲ್ಲಿ ಅವಳನ್ನು ಮುದ್ದಿನಿಂದ ಕರೆಯುತ್ತಿದ್ದ ನೆಲ್ಲಿ ಎಂಬ ಹೆಸರನ್ನೇ ಉಪಯೋಗಿಸತೊಡಗಿದಳು. ನಾನೂ ಇನ್ನು ಮುಂದೆ ಹಾಗೆಯೇ ಕರೆಯುತ್ತೇನೆ.

2009ರ ಏಪ್ರಿಲಿನಲ್ಲಿ ಫ್ಲೆಮಿಂಗ್ಟನ್ ಮೈದಾನದಲ್ಲಿ ಮೊದಲನೆಯ ಓಟ; ಐದು ಕುದುರೆಯುದ್ದದ ಅಂತರದಿಂದ ಗೆಲವು. ಆಮೇಲೆ ಎರಡನೆಯದು, ಮೂರನೆಯದು, ನಾಲ್ಕನೆಯದು. ನಡುನಡುವೆ ಕಾಲುನೋವು, ಸ್ನಾಯುನೋವು ಎಂದು ತಿಂಗಳುಗಟ್ಟಲೆ ವಿಶ್ರಾಂತಿ. ಮತ್ತೆ ಬಂದು ಮತ್ತೆ ಗೆಲವು. ಅವಳು ಓಡುತ್ತಿದ್ದುದು ಸಾವಿರ, ಸಾವಿರದ ಇನ್ನೂರು ಮೀಟರಿನ ಅಲ್ಪದೂರದ ಓಟಗಳನ್ನು. ವೃತ್ತಿಯುದ್ದಕ್ಕೂ 1400 ಮೀಟರಿನ ಆಚೆಗೆ ಹೆಜ್ಜೆಯಿಟ್ಟವಳಲ್ಲ. ಕುದುರೆಗಳಲ್ಲಿ ದೀರ್ಘದೂರದ ತಪಸ್ವಿಗಳೂ ಉಂಟು, ಕ್ಷಣಮಾತ್ರದಲ್ಲಿ ಸಿಡಿಯುವ ದೂರ್ವಾಸರೂ ಉಂಟು; ಇವಳು ಎರಡನೆಯ ಪಂಥದವಳು. ಐನೂರು ಕಿಲೋ ಮೀರಿದ, ಕಂದುಗಪ್ಪಿನ, ಹಿಂಗಾಲಿನ ಮೇಲ್ಭಾಗ ದೇವಸ್ಥಾನದ ಬಾಗಿಲಿನ ಹಾಗೆ ಅಗಲವಾದ ಶರೀರ. ಬೆನ್ನ ಮೇಲೆ ಲೂಕ್ ನೋಲನ್ ಎಂಬ ಮಿತಭಾಷಿ ಜಾಕಿ. ಅವನ ಮೈಮೇಲೆ ನಸುಗುಲಾಬಿಯ ಅಂಗಿ, ಅದರ ತುಂಬ ಕಪ್ಪು ಬೊಟ್ಟುಗಳು. ದೂರದಿಂದ ಕಾಣುತ್ತಿದ್ದುದು ಆ ಬೊಟ್ಟಿನ ಅಂಗಿಯೊಂದೇ. ಅದು ಮುಂದೆ ಬರುತ್ತಿತ್ತು. ಮಿಕ್ಕ ಬಣ್ಣಗಳು ಹಿಂದೆ ಉಳಿಯುತ್ತಿದ್ದವು. ನೋಲನ್ ಚಾವಟಿಯನ್ನು ತೆಗೆಯುತ್ತಲೂ ಇರಲಿಲ್ಲ. ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುವವನಂತೆ ಇರುತ್ತಿದ್ದ.

ಇನ್ನು ಹಿಂಬಾಲಕರ ವಿಷಯ. ಜೂಜುಗಾರನೂ ಅಭಿಮಾನಿಯೂ ಒಂದೇ ಬೇಲಿಯ ಪಕ್ಕದಲ್ಲಿ ನಿಲ್ಲುತ್ತಾರಾದರೂ ಇಬ್ಬರ ಕುಲವೂ ಬೇರೆಯೆಂಬುದನ್ನು ನಾನು ತಿಳಿದದ್ದು ನೆಲ್ಲಿಯ ದೆಸೆಯಿಂದಲೇ. ಜೂಜುಗಾರನಿಗೆ ಬೇಕಾದುದು ಸಂಶಯ, ಸಂಶಯವಿಲ್ಲದೆ ಲಾಭವಿಲ್ಲ. ನಳಮಹಾರಾಜನು ಋತುಪರ್ಣನಿಗೆ ಅಶ್ವಹೃದಯವನ್ನು ಕೊಟ್ಟು ಅಕ್ಷಹೃದಯವನ್ನು ಪಡೆದನೆಂಬ ಕಥೆಯಲ್ಲಿ ಕುದುರೆಯ ವಿದ್ಯೆಯೂ ಜೂಜಿನ ವಿದ್ಯೆಯೂ ಒಂದೇ ರಥದಲ್ಲಿ ಕೈಬದಲಾದವು. ಅಂದಿನಿಂದ ಅವೆರಡನ್ನೂ ಬಿಡಿಸಲು ಯಾರಿಂದಲೂ ಆಗಿರಲಿಲ್ಲ. ನೆಲ್ಲಿ ಬಿಡಿಸಿದಳು. ಅವಳೇ ಗೆಲ್ಲುವಳೆಂಬುದು ಬುಕ್ಕಿಗಳಿಗೂ, ಟಿಕೆಟ್ಟು ಹರಿಯುವ ಹುಡುಗಿಗೂ, ಪಕ್ಕದ ಕುದುರೆಗೂ ಗೊತ್ತಿದ್ದುದರಿಂದ, ಒಂದು ಡಾಲರು ಕಟ್ಟಿದವನಿಗೆ ಮೂಲದ ಮೇಲೆ ಬರುತ್ತಿದ್ದುದು ನಾಲ್ಕೈದು ಸೆಂಟು ಮಾತ್ರ. “ಮಾವ, ಇದಕ್ಕಿಂತ ಅಂಚೆಕಚೇರಿಯ ಉಳಿತಾಯವೇ ವಾಸಿ” ಎಂದರು ಅಳಿಯಂದಿರು. ಆದರೂ ಜನ ಸಾಲುಗಟ್ಟಿ ನಿಂತು ಒಂದು ಡಾಲರಿನ ಟಿಕೆಟ್ಟು ಕೊಳ್ಳುತ್ತಿದ್ದರು. ಕೊಂಡು, ಗೆದ್ದ ಮೇಲೆ, ಹಣಕ್ಕಾಗಿ ಕಿಟಕಿಗೆ ಹೋಗುತ್ತಲೇ ಇರಲಿಲ್ಲ! ಗೆದ್ದ ಟಿಕೆಟ್ಟನ್ನು ಮಡಿಸದೆ, ಬೆವರು ತಾಗದಂತೆ, ಕೈಚೀಲದ ಒಳಪದರಿನಲ್ಲಿಟ್ಟು ಮನೆಗೆ ಒಯ್ದು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದರು. ಜೂಜಿನ ಕಚೇರಿಯಲ್ಲಿ ಜನ ಗೆದ್ದ ಹಣವನ್ನು ಬೇಡವೆಂದು ಬಿಟ್ಟುಹೋಗುವ ದೃಶ್ಯವನ್ನು ನಮ್ಮ ತಂದೆಯವರು ನೋಡಿದ್ದರೆ ಅಂದು ನನ್ನ ಕೈಯನ್ನು ಅಷ್ಟು ಬಿಗಿಯಾಗಿ ಹಿಡಿಯುತ್ತಿರಲಿಲ್ಲವೆಂದು ತೋರುತ್ತದೆ.

ಫ್ಲೆಮಿಂಗ್ಟನ್ನಿಗೆ ಹೋಗುವ ರೈಲಿನಲ್ಲಿಯೇ ಸಂಪ್ರದಾಯದ ಚಿಹ್ನೆಗಳು ಕಾಣಿಸತೊಡಗುತ್ತಿದ್ದವು. ಬೊಟ್ಟಿನ ಟೈ ಕಟ್ಟಿದ ವಕೀಲರಂಥ ಗಂಡಸರು. ಬೊಟ್ಟಿನ ಟೋಪಿಯ ಅಜ್ಜಿಯರು. ತೊಟ್ಟಿಲ ಗಾಡಿಯಲ್ಲಿ ಬೊಟ್ಟಿನ ಹೊದಿಕೆಯೊಳಗೆ, ತಾವಾವ ಮತಕ್ಕೆ ಸೇರಿದವರೆಂಬುದರ ಅರಿವಿಲ್ಲದೆ ನಿದ್ರಿಸುವ ಶಿಶುಗಳು. ಎಲ್ಲರ ಕೈಯಲ್ಲಿಯೂ ನಸುಗುಲಾಬಿಯ ಪುಟ್ಟ ಬಾವುಟ. ಇವರಲ್ಲಿ ಒಳಪಂಗಡಗಳೂ ಇದ್ದವು. ಮೊದಲನೆಯ ಓಟವನ್ನೇ ಕಣ್ಣಾರೆ ಕಂಡೆವೆಂದು ಹೇಳಿಕೊಳ್ಳುವವರು ಅಗ್ರಪೂಜೆಗೆ ಅರ್ಹರು. ಅವರ ಸಂಖ್ಯೆ ವರ್ಷೇ ವರ್ಷೇ ವೃದ್ಧಿಸುತ್ತ ಹೋದುದು ಹೇಗೆಂಬುದನ್ನು ಕೆದಕುವುದು ಸಭ್ಯತೆಯಲ್ಲ. ಎರಡನೆಯವರು ಅಂಕಿಸಂಖ್ಯೆಯ ಪಂಡಿತರು: ಯಾವ ಓಟದಲ್ಲಿ ಕಡೆಯ ಇನ್ನೂರು ಮೀಟರಿಗೆ ಎಷ್ಟು ಸೆಕೆಂಡು, ಎಷ್ಟು ಭಾರ, ಎಂಥ ಗಾಳಿ ಎಂಬುದೆಲ್ಲ ನಾಲಗೆಯ ತುದಿಯಲ್ಲಿ. ಮೂರನೆಯವರು, ಬಹುಸಂಖ್ಯಾತರು, ನನ್ನಂಥವರು. ಕುದುರೆಯ ಮುಂಗಾಲಿಗೂ ಹಿಂಗಾಲಿಗೂ ಇರುವ ವ್ಯತ್ಯಾಸವನ್ನು ಮೀರಿ ಏನೂ ತಿಳಿಯದವರು. ಆದರೆ “ನಾವು ಗೆದ್ದೆವು” ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳುವವರು ಈ ಮೂರನೆಯವರೇ. ಕಡಲೆಯನ್ನು ತಿಂದವಳು ಅವಳು, ಬೆಳಗಿನ ಜಾವ ಮಂಜಿನಲ್ಲಿ ಓಡಿದವಳು ಅವಳು, ಬೆನ್ನ ಮೇಲೆ ಭಾರ ಹೊತ್ತವಳು ಅವಳು. ಗೆದ್ದವರು ಮಾತ್ರ ನಾವು.

ಭಾರವೆಂದೊಡನೆ ನೆನಪಾಯಿತು. ಆ ದೇಶದ ಕೆಲವು ಓಟಗಳಲ್ಲಿ ಹ್ಯಾಂಡಿಕ್ಯಾಪ್ ಎಂಬ ನ್ಯಾಯವೊಂದುಂಟು: ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ತೂಕ, ಮಂದಗಾಮಿಗೆ ಕಡಮೆ. ಸರಕಾರಿ ಕಚೇರಿಯಲ್ಲಿ ಮೂರು ದಶಕ ಕಳೆದವನಿಗೆ ಈ ನ್ಯಾಯ ಹೊಸದಲ್ಲ. ಕೆಲಸ ಬಲ್ಲ ಗುಮಾಸ್ತನ ಮೇಜಿನ ಮೇಲೆಯೇ ಕಡತಗಳು ಬೆಳೆಯುವುದನ್ನು ನಾನು ಕಂಡಿದ್ದೇನೆ. 2011ರ ಮಾರ್ಚಿಯಲ್ಲಿ ನ್ಯೂಮಾರ್ಕೆಟ್ ಹ್ಯಾಂಡಿಕ್ಯಾಪ್ ಎಂಬ ಓಟದಲ್ಲಿ ನೆಲ್ಲಿಯ ಮೇಲೆ 58 ಕಿಲೋ ಹೇರಿದರು. ನಮ್ಮ ಗುಮಾಸ್ತನಾಗಿದ್ದರೆ ಆರೋಗ್ಯದ ಕಾರಣ ರಜೆಯ ಅರ್ಜಿ ಗುಜರಾಯಿಸುತ್ತಿದ್ದ. ಅವಳು ಅಷ್ಟನ್ನೂ ಹೊತ್ತು ಗೆದ್ದು, ಏನೂ ಆಗಲಿಲ್ಲವೆಂಬಂತೆ ಕಿವಿಯಾಡಿಸಿದಳು.

ಗೆಲವುಗಳು ಬೆಳೆದಂತೆ ಹಿಂಬಾಲಕರ ಸುಖವೂ ಬೆಳೆಯಿತೆಂದು ಓದುಗರು ಭಾವಿಸುವುದಾದರೆ ಅವರಿಗೆ ಈ ರೋಗದ ಅನುಭವವಿಲ್ಲವೆಂದೇ ಅರ್ಥ. ಸೋಲುವ ಕುದುರೆಯ ಅಭಿಮಾನಿಯಷ್ಟು ನಿಶ್ಚಿಂತನು ಲೋಕದಲ್ಲಿ ಬೇರೊಬ್ಬನಿಲ್ಲ. ಅವನು ಕಳೆದುಕೊಳ್ಳುವುದೇನೂ ಇಲ್ಲ, ಅಕಸ್ಮಾತ್ತಾಗಿ ಗೆದ್ದರೆ ಅದು ಲಾಭ. ಎಂದೂ ಸೋಲದವಳ ಅಭಿಮಾನಿಗಾದರೋ ಪ್ರತಿಯೊಂದು ಗೆಲವೂ ತಲೆಯ ಮೇಲೆ ಇನ್ನೊಂದು ಗಡಿಗೆ. ಐದನೆಯ ಓಟದಲ್ಲಿ ಸೋತಿದ್ದರೆ ಐದರ ದುಃಖ. ಹದಿನೈದನೆಯದರಲ್ಲಿ ಸೋತರೆ ಹದಿನೈದರ ದುಃಖ. ಇಪ್ಪತ್ತಕ್ಕೆ ಬರುವ ಹೊತ್ತಿಗೆ ರಕ್ತದೊತ್ತಡದ ಮಾತ್ರೆಯನ್ನು ಎರಡಾಗಿಸಬೇಕಾಯಿತು. ಓಟದ ಹಿಂದಿನ ದಿನಗಳಲ್ಲಿ ನಾನು ಹವಾಮಾನದ ವರದಿಯನ್ನು ಭತ್ತ ಬಿತ್ತಿದ ರೈತನ ಏಕಾಗ್ರತೆಯಿಂದ ಕೇಳುತ್ತಿದ್ದೆ: ಮಳೆ ಬಂದರೆ ನೆಲ ಮೆತ್ತಗಾದೀತು, ನೆಲ ಮೆತ್ತಗಾದರೆ ಗೊರಸು ಹೂತೀತು. “ಅಪ್ಪ, ನನ್ನ ಪರೀಕ್ಷೆಗಳಿಗೆ ನೀವು ಇಷ್ಟು ಚಿಂತೆ ಮಾಡಿದ್ದು ನನಗೆ ನೆನಪಿಲ್ಲ” ಎಂದು ಮಗಳು ಒಂದು ದಿನ ಸಹಜವಾಗಿ ಹೇಳಿದಳು. ನಾನು ಉತ್ತರ ಕೊಡಲಿಲ್ಲ. ಅವಳು ತರಗತಿಗೆ ಮೊದಲಿಗಳಾಗಿ ಬಂದದ್ದು ಒಂದೇ ಸಲವೆಂಬುದನ್ನು ಆಗ ನೆನಪಿಸುವುದು ಉಚಿತವಾಗಿ ತೋರಲಿಲ್ಲ.

ಆದರೆ ನನ್ನ ಹೃದಯದ ಒಂದು ಮೂಲೆಯನ್ನು ಬೇರೊಬ್ಬನಿಗೆ ಬಿಟ್ಟುಕೊಡಬೇಕಾಯಿತೆಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ. ಅವನ ಹೆಸರು ಹೇ ಲಿಸ್ಟ್. ಜಾನ್ ಮೆಕ್‌ನೇರ್ ಎಂಬವರು ಪಳಗಿಸಿದ, ಭೀಮಕಾಯದ, ಧೀರೋದಾತ್ತನಾದ ಕುದುರೆ. ಬೇರೆ ಯಾವ ದಶಕದಲ್ಲಿ ಹುಟ್ಟಿದ್ದರೂ ಅವನೇ ಚಕ್ರವರ್ತಿಯಾಗುತ್ತಿದ್ದನೆಂದು ಬಲ್ಲವರು ಹೇಳುತ್ತಿದ್ದರು. ಹುಟ್ಟಿದುದು ನೆಲ್ಲಿಯ ಕಾಲದಲ್ಲಿ! ಅವಳಿಲ್ಲದ ಕಡೆ ಅವನು ಗೆಲ್ಲುತ್ತಿದ್ದ. 2012ರ ನ್ಯೂಮಾರ್ಕೆಟ್ ಹ್ಯಾಂಡಿಕ್ಯಾಪನ್ನು ಅವಳು ಹೊತ್ತದ್ದಕ್ಕಿಂತ ಅರ್ಧ ಕಿಲೋ ಹೆಚ್ಚಾಗಿಯೇ ಹೊತ್ತು ಗೆದ್ದ. ಅವಳಿದ್ದ ಕಡೆ ಪ್ರಾಣವನ್ನೇ ಪಣವಾಗಿಟ್ಟು ಓಡಿದರೂ ಅವಳ ಬಾಲವೇ ಅವನ ದರ್ಶನಭಾಗ್ಯ. ರೂಢಿಯಲ್ಲಿ ಕುದುರೆಯ ಬಾಲಕ್ಕೆ ಬೀಳುವುದು ಮನುಷ್ಯನ ದುರ್ಗತಿ. ಕುದುರೆಗೇ ಆ ಗತಿ ಬಂದುದು ಅವನೊಬ್ಬನಿಗೆ. ನಮ್ಮ ಕಚೇರಿಯಲ್ಲಿ ಒಬ್ಬ ಮಹನೀಯರಿದ್ದರು, ಅಸಾಧಾರಣ ಪ್ರತಿಭೆಯವರು. ಅವರಿಗಿಂತ ಎರಡೇ ತಿಂಗಳು ಮೊದಲು ಸೇವೆಗೆ ಸೇರಿದ ಇನ್ನೊಬ್ಬರು ಅವರಿಗಿಂತ ಸ್ವಲ್ಪ ಹೆಚ್ಚು ಪ್ರತಿಭಾವಂತರಾಗಿದ್ದುದರಿಂದ, ನಿವೃತ್ತಿಯವರೆಗೂ ಪ್ರತಿಯೊಂದು ಬಡ್ತಿಯಲ್ಲಿಯೂ ಇವರು ಎರಡನೆಯವರಾಗಿಯೇ ಉಳಿದರು. ಹೇ ಲಿಸ್ಟ್ ಎರಡನೆಯವನಾಗಿ ಬೆವರೊರೆಸಿಕೊಂಡು ನಿಂತಾಗಲೆಲ್ಲ ನನಗೆ ಅವರ ಮುಖ ಕಾಣುತ್ತಿತ್ತು. ನೆಲ್ಲಿ ಗೆಲ್ಲಲಿ, ಆದರೆ ಇವನೂ ಸೋಲದಿರಲಿ ಎಂದು ಪ್ರಾರ್ಥಿಸಿದ್ದುಂಟು. ಅಂಥ ಪ್ರಾರ್ಥನೆಯನ್ನು ನಡಸಿಕೊಡುವ ಅನುಕೂಲ ದೇವರಿಗೆ ಇಲ್ಲವೆಂದು ಕಾಣುತ್ತದೆ.

2012ರ ಏಪ್ರಿಲಿನಲ್ಲಿ ಅಡಿಲೇಡಿನ ಮಾರ್ಫೆಟ್‌ವಿಲ್ ಮೈದಾನದಲ್ಲಿ ಇಪ್ಪತ್ತನೆಯ ಗೆಲವಾಯಿತು. ಹಿಂದಿನ ಕಾಲದ ಡೆಸರ್ಟ್ ಗೋಲ್ಡ್, ಗ್ಲೋಮಿಂಗ್ ಎಂಬ ಕುದುರೆಗಳು ಸತತವಾಗಿ ಹತ್ತೊಂಬತ್ತು ಗೆದ್ದಿದ್ದ ದಾಖಲೆ ಅಲ್ಲಿಗೆ ಮುರಿಯಿತು. ಹಂಗೆರಿ ದೇಶದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಿಂಚೆಮ್ ಎಂಬ ಹೆಣ್ಣುಕುದುರೆ ಓಡಿದ 54ರಲ್ಲಿ 54ನ್ನೂ ಗೆದ್ದಿದ್ದಳೆಂದು ಅಂಕಿಯ ಪಂಡಿತರೊಬ್ಬರು ಆ ಸಂಭ್ರಮದ ನಡುವೆ ತಿಳಿಸಿ ಎಲ್ಲರ ಬೇಸರಕ್ಕೆ ಪಾತ್ರರಾದರು. ಪ್ರತಿ ಮದುವೆಯ ಮನೆಯಲ್ಲಿಯೂ ಇಂಥವರು ಒಬ್ಬರು ಇರುತ್ತಾರೆ.

ಅಷ್ಟರಲ್ಲಿ ಇಂಗ್ಲೆಂಡಿಗೆ ಹೋಗುವುದೆಂದಾಯಿತು. ರಾಣಿ ಎಲಿಜಬೆತ್ತಳ ಆಳಿಕೆಗೆ ಅರವತ್ತು ತುಂಬಿದ ವರ್ಷ; ಆಸ್ಕಟ್ಟಿನ ಮೈದಾನದಲ್ಲಿ ಡೈಮಂಡ್ ಜ್ಯೂಬಿಲಿ ಸ್ಟೇಕ್ಸ್ ಎಂಬ ಓಟ. ಒಂದು ದಿನಕ್ಕೂ ಮಿಕ್ಕ ವಿಮಾನಯಾನದಲ್ಲಿ ಸ್ನಾಯುಗಳಿಗೆ ಆಯಾಸವಾಗದಿರಲೆಂದು ಅವಳಿಗೆ ಕುತ್ತಿಗೆಯಿಂದ ಕಾಲಿನವರೆಗೆ ಮೈಗಂಟಿದ ಹಿಗ್ಗುವ ಬಟ್ಟೆಯ ಅಂಗಿಯೊಂದನ್ನು ಹೊಲಿಸಿದ್ದರು. ಅದರ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿ ನನ್ನಾಕೆ ಬಹಳ ಹೊತ್ತು ಮೌನವಾಗಿದ್ದಳು. ನಾವಿಬ್ಬರೂ ಬೆಂಗಳೂರಿನಿಂದ ಬಂದಾಗ ಇಕ್ಕಟ್ಟಿನ ಆಸನದಲ್ಲಿ ಊದಿದ ಕಾಲುಗಳನ್ನು ಇಳಿಸಲು ಅವಳಿಗೆ ವಾರ ಹಿಡಿದಿತ್ತು. “ನಮಗೂ ಯಾರಾದರೂ ಎರಡು ಲಕ್ಷ ಕೊಟ್ಟು ಕೊಂಡಿದ್ದರೆ ಹೊಲಿಸುತ್ತಿದ್ದರೋ ಏನೋ ರೀ” ಎಂದಳು ಕೊನೆಗೆ.

ಜೂನ್ 23ರಂದು ಅಲ್ಲಿ ಮಧ್ಯಾಹ್ನದ ಹೊತ್ತು. ಮೆಲ್ಬರ್ನಿನಲ್ಲಿ ನಡುರಾತ್ರಿ ಕಳೆದು ಒಂದು ಗಂಟೆ ಸಮೀಪಿಸುತ್ತಿತ್ತು. ಮಾಘಮಾಸದ ಮಡಿಕೇರಿಯನ್ನೂ ನಾಚಿಸುವ ಚಳಿ. ನಗರದ ನಡುವಣ ಫೆಡರೇಶನ್ ಚೌಕದಲ್ಲಿ ದೊಡ್ಡ ಪರದೆಯ ಮೇಲೆ ಓಟವನ್ನು ತೋರಿಸುವರೆಂದು ತಿಳಿದು ಅಳಿಯಂದಿರೊಡನೆ ಹೊರಟೆ. ನನ್ನಾಕೆ ಚಾಮುಂಡೇಶ್ವರಿಗೆ ಒಂದು ಈಡುಗಾಯಿ ಹರಸಿಕೊಂಡು ಮನೆಯಲ್ಲಿ ಉಳಿದಳು. ಚೌಕದ ತುಂಬ ಕಂಬಳಿ, ಬಾವುಟ, ಬೊಟ್ಟು. ನನ್ನ ಪಕ್ಕದಲ್ಲಿ ಮಂಜಿನ ಟೋಪಿ ತೊಟ್ಟ ಅಪರಿಚಿತ ವೃದ್ಧೆಯೊಬ್ಬಳು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದಳು. ಗೇಟು ತೆರೆಯಿತು. ಬೊಟ್ಟಿನ ಅಂಗಿ ಮುಂದೆ ಬಂದಿತು. ಆದರೆ ಎಂದಿನ ಹಾಗೆ ಹಾರಿ ಬರಲಿಲ್ಲ, ಶ್ರಮಪಟ್ಟು ಬಂದಿತು. ಗುರಿ ಇನ್ನೇನು ತಲಪಿತೆನ್ನುವಾಗ, ಗೆದ್ದೆವೆಂದು ಎಣಿಸಿ, ಬಳಲಿದವಳನ್ನು ಇನ್ನು ದಣಿಸುವುದೇಕೆಂದು ನೋಲನ್ ಕೈ ಸಡಿಲಿಸಿದ. ಅವಳೂ ಸಡಿಲಿದಳು. ಆ ಕ್ಷಣದಲ್ಲಿ ಫ್ರಾನ್ಸಿನ ಮೂನ್‌ಲೈಟ್ ಕ್ಲೌಡ್ ಪಕ್ಕದಿಂದ ನುಗ್ಗಿಬಂದಿತು. ನೋಲನ್ ಎಚ್ಚತ್ತು ಮತ್ತೆ ಕೈ ನೂಕಿದ, ಗುರಿ ದಾಟಿತು, ಯಾರು ಮುಂದೆಂಬುದು ಯಾರಿಗೂ ತಿಳಿಯಲಿಲ್ಲ. ಛಾಯಾಚಿತ್ರ ನೋಡಿ ಹೇಳುವೆವೆಂದರು. ಅಷ್ಟು ಜನರ ಆ ಚೌಕದಲ್ಲಿ ಒಬ್ಬರೂ ಉಸಿರಾಡಲಿಲ್ಲವೆಂದರೆ ಉತ್ಪ್ರೇಕ್ಷೆಯಾದೀತು, ನಾನಂತೂ ಉಸಿರಾಡಲಿಲ್ಲ. ಒಂದು ತಲೆಯ ಅಂತರದಿಂದ ನೆಲ್ಲಿ ಗೆದ್ದಳೆಂದು ಸಾರಿದ ಮೇಲೆಯೇ ಆ ವೃದ್ಧೆ ಇಷ್ಟು ಹೊತ್ತೂ ನನ್ನ ಮುಂಗೈಯನ್ನು ಹಿಡಿದು ಹಿಸುಕುತ್ತಿದ್ದುದು ನಮ್ಮಿಬ್ಬರಿಗೂ ಗಮನಕ್ಕೆ ಬಂದದ್ದು. ಅವಳು ಕ್ಷಮೆ ಬೇಡಿ, ಪರಿಹಾರವಾಗಿ ಅರ್ಧ ಬಟ್ಟಲು ಚಹಾ ಕೊಟ್ಟಳು. ಸಕ್ಕರೆಯಿರಲಿಲ್ಲ.

ರಾಣಿ ತಾನಾಗಿಯೇ ಬಂದು ಅವಳ ಮೂತಿಯನ್ನು ಸವರಿದಳೆಂಬುದನ್ನು ಪರದೆಯ ಮೇಲೆ ಕಂಡೆವು. ರಾಜಮನೆತನಗಳ ವಿಷಯದಲ್ಲಿ ಏನೇ ಅಭಿಪ್ರಾಯವಿರಲಿ, ಕುದುರೆಯನ್ನು ಬಲ್ಲವರ ಕೈ ಕುದುರೆಯ ಮುಖದ ಮೇಲೆ ಹೇಗೆ ಚಲಿಸುತ್ತದೆಂಬುದು ನೋಡತಕ್ಕ ಸಂಗತಿ. ಮರುದಿನ ಪತ್ರಿಕೆಗಳೂ ಹಿಂಬಾಲಕರೂ ಕೂಡಿ ನೋಲನ್ನನನ್ನು ಝಾಡಿಸಿದರು. ಪಾಪ, ಅವನು ತಪ್ಪನ್ನು ಒಪ್ಪಿಕೊಂಡ. ತರುವಾಯ ವೈದ್ಯರು ಪರೀಕ್ಷಿಸಿ ನೋಡಿದಾಗ ಅವಳ ಹಿಂಭಾಗದ ಸ್ನಾಯುಗಳು ಹರಿದಿದ್ದುದು ತಿಳಿದುಬಂದಿತು. ಆ ನೋವಿನಲ್ಲಿಯೇ ಅವಳು ಗೆದ್ದಿದ್ದಳು. ಝಾಡಿಸಿದವರಲ್ಲಿ ಯಾರೂ ನೋಲನ್ನನ ಬಳಿಗೆ ಹೋಗಿ, ನೀನು ಕೈಸಡಿಲಿಸಿದುದೇ ಪುಣ್ಯವಾಯಿತೆಂದು ಹೇಳಿದಂತೆ ನಾನು ಕೇಳಲಿಲ್ಲ. ಅಭಿಮಾನಿಗಳ ಸ್ಮೃತಿಯಲ್ಲಿ ದಂಡನೆಯ ಅಧ್ಯಾಯವುಂಟು, ಪ್ರಾಯಶ್ಚಿತ್ತದ ಅಧ್ಯಾಯವಿಲ್ಲ.

ಎಂಟು ತಿಂಗಳ ತರುವಾಯ, 2013ರ ಫೆಬ್ರವರಿಯಲ್ಲಿ, ಅವಳು ಫ್ಲೆಮಿಂಗ್ಟನ್ನಿಗೆ ಮರಳಿ ಬಂದಳು. ಆ ದಿನದ ಸಾವಿರ ಮೀಟರಿನ ಓಟ ಕೇವಲ ನೇರದಾರಿಯ ಮೇಲೆ ನಡೆಯುವಂಥದು, ತಿರುವಿಲ್ಲ. ಗೇಟು ಎಷ್ಟೋ ದೂರದಲ್ಲಿ. ಮೊದಲರ್ಧ ನಮಗೆ ಕಾಣುವುದು ಬಿಸಿಲ ಝಳದಲ್ಲಿ ನಡುಗುವ ಕೆಲವು ಚುಕ್ಕೆಗಳು ಮಾತ್ರ, ಆಮೇಲೆ ಚುಕ್ಕೆಗಳಿಗೆ ಬಣ್ಣ ಬರುತ್ತದೆ, ಆಮೇಲೆ ಪಾದದಡಿಯ ನೆಲ ಗುಡುಗುತ್ತದೆ, ಅಷ್ಟರಲ್ಲಿ ಮುಗಿಯಿತು. 55.42 ಸೆಕೆಂಡು. 1988ರಲ್ಲಿ ಸ್ಪೆಷಲ್ ಎಂಬ ಕುದುರೆ ಬರೆದಿಟ್ಟಿದ್ದ, ಇಪ್ಪತ್ತೈದು ವರ್ಷ ಯಾರೂ ಅಳಿಸಲಾಗದಿದ್ದ ಮೈದಾನದ ದಾಖಲೆ ಅಳಿಸಿಹೋಯಿತು. ನಿಂತಲ್ಲಿಂದ ಹೊರಟ ಮೊದಲ ನೆಗೆತವನ್ನೂ ಲೆಕ್ಕಕ್ಕೆ ಹಿಡಿದು ಗಂಟೆಗೆ ಸರಾಸರಿ 65 ಕಿಲೋಮೀಟರು ವೇಗ. ಇಡೀ ರಾತ್ರಿಯ ಯಕ್ಷಗಾನವನ್ನು ಕಣ್ಣು ಮಿಟುಕಿಸದೆ ನೋಡಿ, ಬೆಳಗಿನ ಜಾವದ ಮಂಗಳಪದದ ಹೊತ್ತಿಗೆ ಇನ್ನೂ ಸ್ವಲ್ಪ ಇದ್ದಿದ್ದರೆ ಎಂದುಕೊಳ್ಳುವ ಜನರ ನಡುವಿನಿಂದ ಬಂದವನು ನಾನು. ಒಂದು ನಿಮಿಷವೂ ಸಾಲದ ನೋಟಕ್ಕಾಗಿ ಬೆಳಗಿನಿಂದ ಟೋಪಿ, ಛತ್ರಿ, ಚಿತ್ರಾನ್ನದ ಡಬ್ಬಿಗಳೊಡನೆ ಹೊರಟುಬಂದಿದ್ದೆ. ನಷ್ಟವಾಯಿತೆಂದು ಅನ್ನಿಸಲಿಲ್ಲ. ಮನೆಗೆ ಬಂದ ಮೇಲೆ ಆ 55 ಸೆಕೆಂಡುಗಳನ್ನು ನನ್ನಾಕೆಗೆ ವರ್ಣಿಸುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಮಾರ್ಚಿಯಲ್ಲಿ ಮೂನೀ ವ್ಯಾಲಿಯಲ್ಲಿ ಇಪ್ಪತ್ತನಾಲ್ಕು. ಏಪ್ರಿಲ್ 13ರಂದು ಸಿಡ್ನಿಯ ರ‍್ಯಾಂಡ್ವಿಕ್‌ನಲ್ಲಿ ಇಪ್ಪತ್ತೈದು. ನಾಲ್ಕೇ ದಿನಗಳಲ್ಲಿ ಮೂಡಿಯವರು, ಇನ್ನು ಇವಳು ಓಡುವುದಿಲ್ಲವೆಂದು ಪ್ರಕಟಿಸಿದರು. ಓಡಿದ್ದು ಇಪ್ಪತ್ತೈದು, ಗೆದ್ದದ್ದು ಇಪ್ಪತ್ತೈದು. ಅವುಗಳಲ್ಲಿ ಹದಿನೈದು ಅತ್ಯುಚ್ಚ ದರ್ಜೆಯ ಓಟಗಳು. ಗಳಿಸಿದ್ದು ಎಂಬತ್ತು ಲಕ್ಷ ಡಾಲರಿಗೆ ತುಸು ಕಡಮೆ. ಹಿಂಬಾಲಕರು ದುಃಖಿಸಿದರು, ಪತ್ರಿಕೆಗಳಿಗೆ ಕಾಗದ ಬರೆದರು, ಇನ್ನೂ ಒಂದೆರಡು ಓಡಬಹುದಾಗಿತ್ತೆಂದರು. ನನಗಾದದ್ದು ಮಾತ್ರ, ನಿಜವಾಗಿ ಹೇಳುವುದಾದರೆ, ಮಗಳ ಮದುವೆಯ ಚಪ್ಪರವನ್ನು ಬಿಚ್ಚಿದ ದಿನ ಆಗಿದ್ದಂಥ ಸಮಾಧಾನ. ಇನ್ನು ಅವಳು ಸೋಲಲಾರಳು. ಮಾತ್ರೆ ಮತ್ತೆ ಒಂದಕ್ಕಿಳಿಯಿತು.

ಆಮೇಲಿನ ಕಥೆ ಸಂಸಾರದ್ದು. ಮಕ್ಕಳಾದವು, ಮೊದಲನೆಯ ಮಗಳು ಆಸಿಯೆಟ್ರಾ ಒಂದೆರಡು ಓಟಗಳನ್ನು ಗೆದ್ದಳಾದರೂ ಮಕ್ಕಳಲ್ಲಿ ಯಾರೂ ತಾಯಿಯ ಎತ್ತರಕ್ಕೇರಲಿಲ್ಲ. ಹೆಸರಾಂತ ವಿದ್ವಾಂಸರ ಮಕ್ಕಳು ಅಂಗಡಿಯಿಟ್ಟುಕೊಂಡು ಸುಖವಾಗಿರುವುದನ್ನು ಕಂಡ ನಮಗೆ ಇದರಲ್ಲಿ ವಿಸ್ಮಯವಿಲ್ಲ. ಅಲ್ಲಿನ ಜನ ಮಾತ್ರ ಪ್ರತಿಯೊಂದು ಮರಿ ಹುಟ್ಟಿದಾಗಲೂ ಅದೇ ಅವತಾರವೆಂದು ನಂಬಿದರು. 2024ರ ಆಗಸ್ಟ್ 17ರಂದು, ಹದಿನೆಂಟು ತುಂಬುವುದಕ್ಕೆ ಒಂದು ದಿನ ಮೊದಲು, ಗೊರಸಿನೊಳಗಣ ಉರಿಯೂತದ ರೋಗದಿಂದ ನೆಲ್ಲಿ ತೀರಿಕೊಂಡಳು. ಆ ರೋಗ ಕುದುರೆಯನ್ನು ಕಾಲಿನಲ್ಲಿಯೇ ಹಿಡಿಯುತ್ತದೆ. ವಾಸಿಯಾಗದ ಹಂತಕ್ಕೆ ಹೋದರೆ ನಿಲ್ಲಲೂ ಬಿಡದು. ನಾವು ಆಗಾಗಲೇ ಮೈಸೂರಿಗೆ ಮರಳಿದ್ದೆವು. ಮಗಳು ದೂರವಾಣಿಯಲ್ಲಿ ಸುದ್ದಿ ತಿಳಿಸಿದಾಗ ನನ್ನಾಕೆ ಸ್ನಾನ ಮಾಡಬೇಕೋ ಬೇಡವೋ ಎಂದು ನನ್ನನ್ನು ಕೇಳಿದಳು. ಶಾಸ್ತ್ರದಲ್ಲಿ ಕುದುರೆಗೆ ಸೂತಕ ಹೇಳಿಲ್ಲವೆಂದೆ. ಆದರೂ ಮಾಡಿದಳು.

ನಾಗಾಂಬಿಯಲ್ಲಿ, ಕೆರೆಯ ದಂಡೆಯಲ್ಲಿ, 2013ರಲ್ಲಿಯೇ ಅವಳ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ನಿಜವಾದ ಅಳತೆಯದು, ಓಡುತ್ತಿರುವ ಭಂಗಿಯದು. ಮೆಲ್ಬರ್ನಿಗೆ ಮಕ್ಕಳ ಮನೆಗೆಂದು ಹೋಗುವ ಕನ್ನಡಿಗರು ಈಗ ಬಹಳ. ಅವರು ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗಿಬರಲಿ, ಹಣ ಕಳೆದುಕೊಳ್ಳುವ ಭಯವಿಲ್ಲ. ನಾಗಾಂಬಿಯ ಊರವರಲ್ಲಿ ಮಾತ್ರ ನನ್ನದೊಂದು ವಿಜ್ಞಾಪನೆಯುಂಟು: ಆ ಪ್ರತಿಮೆಯ ಹಿಂದೆ, ಸರಿಯಾಗಿ ಮೂರು ಕುದುರೆಯುದ್ದ ಬಿಟ್ಟು, ಹೇ ಲಿಸ್ಟನದೂ ಒಂದನ್ನು ನಿಲ್ಲಿಸುವ ಕೃಪೆ ಮಾಡಬೇಕು. ಖರ್ಚಿಗೆ ಚಂದಾ ಎತ್ತುವುದಾದರೆ ನನ್ನ ಪಿಂಚಣಿಯಿಂದ ಒಂದು ಪಾಲನ್ನು ಕಳುಹಿಸಲು ನಾನು ಸಿದ್ಧನಿದ್ದೇನೆ.